ಜಾಲಿಯ ಎಲೆಯಿಂದ ದಾಳಿಂಬೆಯ ಎಲೆಯವರೆಗೆ

(ಕೊಪ್ಪಳ ಜಿಲ್ಲೆಯ ದಾಳಿಂಬೆ ಬೆಳೆಗಾರರು ಮತ್ತು ವಿಜ್ಞಾನ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ, ಬೆಳೆಗೆ ರೋಗ ತರುವ ದುಂಡಾಣುಗಳನ್ನು, ಅಂದರೆ ಬ್ಯಾಕ್ಟೀರಿಯಾಗಳನ್ನು, ಗಿಡಗಳಲ್ಲಿರುವ ವಸ್ತುಗಳಿಂದ ತಡೆಯುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಮೇಜಿನ ಮೇಲಿರುವ ಈ ಗಾಜಿನ ಲೋಟವನ್ನು ನೋಡಿ. ಇದರಲ್ಲಿರುವುದು ಬರೀ ತಿಳಿನೀರು. ನನ್ನ ಕೈಯಲ್ಲಿರುವುದು ಇವತ್ತು ಬೆಳಿಗ್ಗೆ ಗಂಗಾವತಿ ಕಡೆಯ ಗದ್ದೆಯೊಂದರಿಂದ ಕಿತ್ತು ತಂದ ಭತ್ತದ ಎಲೆ. ತುದಿಯಿಂದ ಶುರುವಾಗಿ ಎರಡೂ ಅಂಚುಗಳ ಗುಂಟ ಒಣಗುತ್ತ ಇಳಿದಿದೆ. ಹಸಿರು ಮುಗಿದು ಒಣಹುಲ್ಲಿನ ಬಣ್ಣ ಶುರುವಾಗುವ ಗೆರೆ ನೇರವಾಗಿಲ್ಲ, ಅಲೆ ಅಲೆಯಾಗಿದೆ. ಆ ಗೆರೆಯ ಮೇಲೆಯೇ ಕತ್ತರಿ ಹಾಕಿ, ಕತ್ತರಿಸಿದ ತುದಿ ನೀರಿನಲ್ಲಿ ಮುಳುಗುವಂತೆ ಎಲೆಯನ್ನು ಲೋಟದಲ್ಲಿ ನಿಲ್ಲಿಸುತ್ತೇನೆ. ಅಲುಗಾಡಿಸಬೇಡಿ. ಹಿಂದೆ ಒಂದು ಕಪ್ಪು ಬಟ್ಟೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಎಳೆಯೊಂದು ಕೆಳಕ್ಕೆ ಇಳಿಯತೊಡಗುತ್ತದೆ.

ಆ ಎಳೆ ಎಲೆಯ ರಸವಲ್ಲ. ಅದು ಲಕ್ಷಾಂತರ ದುಂಡಾಣುಗಳ ಮೆರವಣಿಗೆ. ದಾಳಿಂಬೆಯ ಎಲೆಯಲ್ಲಿ ಇದನ್ನು ಹೀಗೆ ಬರಿಗಣ್ಣಿನಿಂದ ನೋಡಲಾಗುವುದಿಲ್ಲ. ಚುಕ್ಕೆಯಿರುವ ಭಾಗದ ಸಣ್ಣ ತುಣುಕನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಗ ತುಣುಕಿನ ಅಂಚಿನಿಂದ ಊದುಬತ್ತಿಯ ಹೊಗೆಯಂತೆ ದುಂಡಾಣುಗಳು ಸುರುಳಿ ಸುರುಳಿಯಾಗಿ ಹೊರಬರುವುದು ಕಾಣುತ್ತದೆ. ನಾನು ಮೊದಲ ಸಲ ಅದನ್ನು ನೋಡಿದಾಗ ಕಣ್ಣು ತೆಗೆಯಲಾಗದೆ ಬಹಳ ಹೊತ್ತು ಕುಳಿತಿದ್ದೆ. ಅಷ್ಟು ಸಣ್ಣ ಚುಕ್ಕೆಯೊಳಗೆ ಅಷ್ಟೊಂದು ಜೀವವಿರುತ್ತದೆ ಎಂದು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ.

ಇದನ್ನು ತೋರಿಸಿದ್ದಕ್ಕೆ ಕಾರಣವಿದೆ. ಎಲೆಯ ಮೇಲೆ ಚುಕ್ಕೆ ಕಂಡ ಕೂಡಲೇ ನಾವು ಔಷಧ ಅಂಗಡಿಗೆ ಹೋಗಿ 'ಯಾವ ಎಣ್ಣೆ ಹೊಡೆಯಬೇಕು' ಎಂದು ಕೇಳುತ್ತೇವೆ. ಚುಕ್ಕೆ ಮಾಡಿದವರು ಯಾರು ಎಂದು ಕೇಳುವುದಿಲ್ಲ. ಶಿಲೀಂಧ್ರವೂ ಚುಕ್ಕೆ ಮಾಡುತ್ತದೆ, ದುಂಡಾಣುವೂ ಮಾಡುತ್ತದೆ. ಶಿಲೀಂಧ್ರಕ್ಕೆಂದು ತಯಾರಾದ ಬಹುಪಾಲು ಔಷಧಗಳಿಗೆ ದುಂಡಾಣು ಜಗ್ಗುವುದಿಲ್ಲ. ತಾಮ್ರದ ಔಷಧಗಳು ಮಾತ್ರ ಎರಡಕ್ಕೂ ಒಂದಿಷ್ಟು ತಡೆ ಒಡ್ಡುತ್ತವೆ.

ನಮ್ಮ ಭಾಗದಲ್ಲಿ ಈ ದುಂಡಾಣುಗಳದ್ದು ಒಂದು ದೊಡ್ಡ ಮನೆತನವೇ ಇದೆ. ಅದರ ಹೆಸರು ಕ್ಸಾಂಥೋಮೊನಸ್. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತಕ್ಕೆ ಎಲೆ ಅಂಗಮಾರಿ, ಅಂದರೆ ಎಲೆ ಒಣಗಿಸುವ ರೋಗ, ತರುವುದು ಅದರ ಒಂದು ಬಗೆ. ರಾಯಚೂರಿನ ಹತ್ತಿಯ ಎಲೆಗಳಲ್ಲಿ ಮೂಲೆ ಮೂಲೆಯಾದ ಚುಕ್ಕೆ ಮಾಡಿ ಕಾಂಡವನ್ನು ಕಪ್ಪಾಗಿಸುವುದು ಇನ್ನೊಂದು. ಮೆಣಸಿನಕಾಯಿ ಗಿಡದ ಎಲೆ ಉದುರಿಸುವುದು ಮತ್ತೊಂದು. ಕುಷ್ಟಗಿ, ಯಲಬುರ್ಗಾ ಸೀಮೆಯ ದಾಳಿಂಬೆ ತೋಟಗಳನ್ನು ಕಂಗೆಡಿಸಿದ್ದೂ ಇದೇ ಮನೆತನದ್ದು. ದಾಳಿಂಬೆಯ ದುಂಡಾಣು ಅಂಗಮಾರಿಯನ್ನು ಭಾರತದಲ್ಲಿ ಮೊದಲು ದಾಖಲಿಸಿದ್ದು 1952ರಲ್ಲಿ, ದೆಹಲಿಯಲ್ಲಿ. ಆಗ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2000ದ ನಂತರದ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲೂ ನಮ್ಮಲ್ಲೂ ಅದು ಮಾರಿಯಾಗಿ ಹಬ್ಬಿತು. ಎಷ್ಟೋ ಜನ ಗಿಡಗಳನ್ನು ಬೇರು ಸಮೇತ ಕಿತ್ತು ಹಾಕಿದರು. ಹಣ್ಣಿನ ಮೇಲೆ ಎಣ್ಣೆ ಜಿಡ್ಡಿನಂಥ ಕಪ್ಪು ಚುಕ್ಕೆ ಬಂದು, ಅದರ ನಡುವೆ ಸಿಪ್ಪೆ ಸೀಳಿ ಬಾಯಿ ಬಿಡುವುದನ್ನು ಇಲ್ಲಿರುವ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ.

ಆಗ ಎಲ್ಲರ ಕೈಗೆ ಸಿಕ್ಕಿದ್ದು ಸ್ಟ್ರೆಪ್ಟೊಸೈಕ್ಲಿನ್ ಎಂಬ ಸಣ್ಣ ಪೊಟ್ಟಣ. ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಗಳು. ಸ್ಟ್ರೆಪ್ಟೊಮೈಸಿನ್ ಅನ್ನು 1943ರಲ್ಲಿ ಕಂಡುಹಿಡಿದಾಗ ಅದು ಕ್ಷಯರೋಗಕ್ಕೆ ಮನುಷ್ಯನಿಗೆ ಸಿಕ್ಕ ಮೊದಲ ಸಮರ್ಥ ಔಷಧ. ಅದನ್ನು ನಾವು ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ ಡ್ರಮ್ಮಿಗೆ ಸುರಿದು ತೋಟಕ್ಕೆಲ್ಲ ಹೊಡೆದೆವು. ಎಲೆಯ ಮೇಲೆ ಬಿದ್ದದ್ದು ಸ್ವಲ್ಪ, ಮಣ್ಣಿಗೆ ಬಿದ್ದದ್ದು ಬಹಳ. ಮಣ್ಣಿನಲ್ಲಿರುವ ಸಾವಿರಾರು ಬಗೆಯ ದುಂಡಾಣುಗಳು ಆ ಔಷಧವನ್ನು ದಿನವೂ ನೋಡಿ ನೋಡಿ ಅದಕ್ಕೆ ಒಗ್ಗಿಕೊಳ್ಳುತ್ತವೆ, ಒಗ್ಗಿಕೊಂಡ ಗುಣವನ್ನು ಒಂದಕ್ಕೊಂದು ದಾಟಿಸುತ್ತವೆ. ನಾಳೆ ಆಸ್ಪತ್ರೆಯಲ್ಲಿ ಮಲಗಿದವರಿಗೆ ಅದೇ ಔಷಧ ಕೆಲಸ ಮಾಡದೇ ಹೋದರೆ ಅದರಲ್ಲಿ ನಮ್ಮ ತೋಟಗಳ ಪಾಲೂ ಇರುತ್ತದೆ. ಈ ಎರಡು ಔಷಧಗಳನ್ನು ಬೆಳೆಗಳಿಗೆ ಬಳಸುವುದನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು. ಅದು ಸರಿಯಾದ ಹೆಜ್ಜೆ ಎಂದೇ ನನ್ನ ಅಭಿಪ್ರಾಯ, ಇಲ್ಲಿ ಕೆಲವರಿಗೆ ಅದು ಹಿಡಿಸದಿದ್ದರೂ.

ಇನ್ನು ಉಳಿದದ್ದು ತಾಮ್ರ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೊ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ಇಂದಿಗೂ ಅದರ ಮೇಲೆ ನನಗೆ ಗೌರವವಿದೆ. ಆದರೆ ತಾಮ್ರ ಕೊಳೆಯುವುದಿಲ್ಲ, ಆರಿ ಹೋಗುವುದಿಲ್ಲ. ಹೊಡೆದಷ್ಟೂ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ತಾಮ್ರಕ್ಕೆ ಬಗ್ಗದ ಕ್ಸಾಂಥೋಮೊನಸ್ ತಳಿಗಳೂ ಹಲವು ದೇಶಗಳಲ್ಲಿ ಸಿಕ್ಕಿವೆ.

ಹಾಗಾದರೆ ಗಿಡಗಳನ್ನೇ ಕೇಳೋಣ ಎಂಬಲ್ಲಿಂದ ನನ್ನ ಕೆಲಸ ಶುರುವಾಗುತ್ತದೆ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ರೋಗದ ವಿರುದ್ಧ ಹೋರಾಡಲು ನಮ್ಮಂತೆ ರಕ್ತದಲ್ಲಿ ಸೈನಿಕ ಕಣಗಳಿಲ್ಲ. ಆದರೂ ಕೋಟ್ಯಂತರ ವರ್ಷಗಳಿಂದ ದುಂಡಾಣುಗಳ ನಡುವೆಯೇ ಬದುಕಿವೆ. ಬದುಕಿದ್ದು ರಸಾಯನದ ಬಲದಿಂದ. ತುಳಸಿ ಮತ್ತು ಲವಂಗದಲ್ಲಿ ಯೂಜೆನಾಲ್, ಓಂಕಾಳಿನಲ್ಲಿ ಥೈಮಾಲ್, ಅಂಗಳದ ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಅರಿಶಿನದಲ್ಲಿ ಕರ್ಕ್ಯುಮಿನ್, ಮದರಂಗಿಯಲ್ಲಿ ಲಾಸೋನ್. ಇವುಗಳಲ್ಲಿ ಥೈಮಾಲ್, ಕಾರ್ವಕ್ರಾಲ್‌ನಂಥವು ದುಂಡಾಣುವಿನ ಹೊರಪೊರೆಯೊಳಗೆ ನುಗ್ಗಿ ಅದನ್ನು ಸಡಿಲಿಸುತ್ತವೆ. ಒಳಗಿರಬೇಕಾದದ್ದು ಹೊರಗೆ ಸೋರಿ ದುಂಡಾಣು ಸಾಯುತ್ತದೆ.

ಬೇವಿನ ಹೆಸರು ಹೇಳಲಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಬೇಕೆಂದೇ ಬಿಟ್ಟೆ. ಬೇವಿನ ಅಜಾಡಿರಾಕ್ಟಿನ್ ಮುಖ್ಯವಾಗಿ ಕೀಟಗಳ ಮೇಲೆ ಕೆಲಸ ಮಾಡುತ್ತದೆ. ಅವು ತಿನ್ನದಂತೆ, ಪೊರೆ ಕಳಚಿ ಬೆಳೆಯದಂತೆ ಮಾಡುತ್ತದೆ. ಹುಳುವಿಗೆ ಬೇವು ಒಳ್ಳೆಯದು ಎಂದ ಮಾತ್ರಕ್ಕೆ ಅಂಗಮಾರಿಗೂ ಒಳ್ಳೆಯದು ಎಂದಾಗುವುದಿಲ್ಲ. ಬೇವಿನ ಎಣ್ಣೆಯ ಶಿಲೀಂಧ್ರನಾಶಕ ಗುಣದ ಮೇಲೆ ಯೂರೋಪಿನಲ್ಲಿ ಪಡೆದಿದ್ದ ಪೇಟೆಂಟನ್ನು ಭಾರತೀಯರು ಪ್ರಶ್ನಿಸಿ, 2000ದಲ್ಲಿ ರದ್ದು ಮಾಡಿಸಿ, 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಹೆಮ್ಮೆಯೇ ಔಷಧವಾಗುವುದಿಲ್ಲ. ಯಾವ ಗಿಡ, ಅದರ ಯಾವ ಅಂಶ, ಯಾವ ರೋಗಕಾರಕದ ಮೇಲೆ, ಎಷ್ಟು ಪ್ರಮಾಣದಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು.

ಈಗ ನಮ್ಮ ಊರಿನ ಗಿಡಕ್ಕೇ ಬರುತ್ತೇನೆ. ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸೌದೆಗಾಗಿ, ಬರಡು ನೆಲದ ಹಸಿರಿಗಾಗಿ ಅದನ್ನು ಈ ದೇಶಕ್ಕೆ ತಂದರು. ಈಗ ಕೆರೆಯಂಗಳ, ಹಳ್ಳದ ದಂಡೆ, ಪಾಳುಬಿದ್ದ ಹೊಲ ಎಲ್ಲವೂ ಅದರದ್ದೇ. ಮುಳ್ಳು ತುಳಿದು ಬೈಯದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಆದರೆ ಕುರಿ ಆಡು ಕಾಯುವವರನ್ನು ಕೇಳಿ ನೋಡಿ: ಬಳ್ಳಾರಿ ಜಾಲಿಯ ಸಿಹಿಯಾದ ಕಾಯಿಗೆ ಆಡು ಮುಗಿಬೀಳುತ್ತದೆ, ಹಸಿ ಎಲೆಗೆ ಮಾತ್ರ ಬಾಯಿ ಹಾಕುವುದಿಲ್ಲ. ಬೇಸಗೆಯಲ್ಲಿ ಸುತ್ತ ಎಲ್ಲಿಯೂ ಹಸಿರಿಲ್ಲದಿದ್ದಾಗಲೂ ಆ ಎಲೆಗಳು ಹಾಗೇ ನಿಂತಿರುತ್ತವೆ. ಹಸಿದ ಆಡು ಬಿಟ್ಟ ಎಲೆಯಲ್ಲಿ ಏನೋ ಇರಲೇಬೇಕು.

ಇದೆ. ಜೂಲಿಪ್ರೊಸೊಪಿನ್ ಮತ್ತು ಅದರ ದಾಯಾದಿಗಳಾದ, ಗಿಡಗಳೇ ತಯಾರಿಸುವ, ಜೀವಿಗಳ ಮೇಲೆ ಬಲವಾಗಿ ಕೆಲಸ ಮಾಡುವ ವಸ್ತುಗಳು, ಅಂದರೆ ಆಲ್ಕಲಾಯ್ಡ್‌ಗಳು. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು ಹಲವಾರು ಗಿಡಗಳ ಸಾರವನ್ನು ಬೆಳೆಗಳಿಗೆ ರೋಗ ತರುವ ಕ್ಸಾಂಥೋಮೊನಸ್‌ಗಳ ಮೇಲೆ ಪರೀಕ್ಷಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಒಳ್ಳೆಯ ಫಲ ಕೊಟ್ಟವುಗಳಲ್ಲಿ ಬಳ್ಳಾರಿ ಜಾಲಿಯೂ ಮದರಂಗಿಯೂ ಇದ್ದವು. ಅಂದರೆ ನಮ್ಮ ಹೊಲದ ಬದುವಿನಲ್ಲಿ ಬೇಡವೆಂದರೂ ಬೆಳೆಯುವ, ಕಡಿದಷ್ಟೂ ಚಿಗುರುವ ಗಿಡದಲ್ಲಿ ನಮ್ಮ ಶತ್ರುವನ್ನು ತಡೆಯುವ ವಸ್ತುವಿದೆ. ಇದನ್ನು ಓದಿದ ದಿನ ನನಗಾದ ಸಂತೋಷ ಸಣ್ಣದಲ್ಲ.

ಇಷ್ಟು ಕೇಳಿ ನಾಳೆ ಬೆಳಿಗ್ಗೆ ಜಾಲಿ ಸೊಪ್ಪು ಕುದಿಸಿ ತೋಟಕ್ಕೆ ಹೊಡೆಯಬೇಡಿ, ದಯವಿಟ್ಟು. ಈ ಒಂದು ಮಾತನ್ನು ಹೇಳಲಿಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ. ಗಿಡಮೂಲಿಕೆ ಎಂದರೆ ಸೌಮ್ಯ, ಅದರಿಂದ ಹಾನಿಯಿಲ್ಲ, ಅಳತೆ ಬೇಕಿಲ್ಲ, ಹೆಚ್ಚಾದರೂ ಪರವಾಗಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಜಾಲಿಯ ಕಾಯಿಯನ್ನೇ ಬಹಳ ಕಾಲ ಮೇವಾಗಿ ತಿಂದ ದನಗಳಿಗೂ ಆಡುಗಳಿಗೂ ದವಡೆಯ ಸ್ನಾಯು ಸೋತು, ಮುಖ ಓರೆಯಾಗಿ, ಮೆಲುಕು ಹಾಕಲಾಗದೆ ಸೊರಗಿದ್ದು ಬ್ರೆಜಿಲ್‌ನಂಥ ದೇಶಗಳಲ್ಲಿ ದಾಖಲಾಗಿದೆ. ನರಗಳನ್ನು ಕೆಡಿಸುವ ವಸ್ತು ಇವೇ ಆಲ್ಕಲಾಯ್ಡ್‌ಗಳು. ಜಾಲಿಯ ಎಲೆ ಉದುರಿದ ನೆಲದಲ್ಲಿ ಬೇರೆ ಬೀಜ ಸರಿಯಾಗಿ ಮೊಳೆಯುವುದಿಲ್ಲ ಎಂಬುದೂ ನಿಮಗೆ ಗೊತ್ತಿರುವ ವಿಷಯವೇ. ದುಂಡಾಣುವನ್ನು ಕೊಲ್ಲುವಷ್ಟು ಬಲವಿರುವ ವಸ್ತು ಇನ್ನೊಂದು ಜೀವವನ್ನೂ ತಟ್ಟಬಲ್ಲದು. ಮಾತ್ರೆಗೆ ಕೊಡುವಷ್ಟೇ ಮರ್ಯಾದೆಯನ್ನು ಎಲೆಗೂ ಕೊಡಬೇಕು.

ಪ್ರಯೋಗಾಲಯದಲ್ಲಿ ಮೊದಲ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಚಪ್ಪಟೆಯಾದ ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಮೆದು ಪದಾರ್ಥವನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ದುಂಡಾಣುವನ್ನು ಸವರುತ್ತೇವೆ. ಕ್ಸಾಂಥೋಮೊನಸ್ ಎರಡು ಮೂರು ದಿನಗಳಲ್ಲಿ ಹಳದಿ ಬಣ್ಣದ ಲೋಳೆಯಾಗಿ ಬೆಳೆಯುತ್ತದೆ. (ಇದೇ ಮನೆತನದ ಒಂದು ದುಂಡಾಣುವಿನ ಲೋಳೆಯಿಂದಲೇ ಐಸ್‌ಕ್ರೀಮ್, ಸಾಸ್‌ಗಳನ್ನು ಗಟ್ಟಿ ಮಾಡುವ ಕ್ಸಾಂಥನ್ ಗೋಂದು ತಯಾರಾಗುತ್ತದೆ. ಗಿಡದೊಳಗೆ ದುಂಡಾಣುವಿನ ಗುಂಪಿಗೆ ಕಂಬಳಿಯಾಗುವುದೂ ಅದೇ ಲೋಳೆ.) ತಟ್ಟೆಯ ನಡುವೆ ಗಿಡದ ಸಾರದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಡುತ್ತೇವೆ. ಸಾರದಲ್ಲಿ ಬಲವಿದ್ದರೆ ಬಿಲ್ಲೆಯ ಸುತ್ತ ದುಂಡಾಣು ಬೆಳೆಯದ ಸ್ವಚ್ಛ ವೃತ್ತ ಮೂಡುತ್ತದೆ.

ಆ ವೃತ್ತ ಮನಸ್ಸನ್ನು ಮರುಳು ಮಾಡುತ್ತದೆ. ನಾನು ಸಂಶೋಧನೆಗೆ ಕಾಲಿಟ್ಟ ಹೊಸದರಲ್ಲಿ ಹುಣಸೆ ಚಿಗುರಿನ ಸಾರ ತಯಾರಿಸಿ ಇಟ್ಟಿದ್ದೆ. ಮೂರನೆಯ ದಿನ ನೋಡಿದರೆ ದೊಡ್ಡ ವೃತ್ತ. ತಟ್ಟೆಯನ್ನು ಬೆಳಕಿಗೆ ಹಿಡಿದು ಓಡಿಕೊಂಡು ಹೋಗಿ ಹಿರಿಯರಿಗೆ ತೋರಿಸಿದೆ. ಅವರು ವೃತ್ತವನ್ನು ಅಳೆಯಲಿಲ್ಲ, 'ಸಾರದ ಹುಳಿ ಎಷ್ಟಿದೆ ನೋಡಿದೆಯಾ?' ಎಂದು ಕೇಳಿದರು. ಹುಳಿಯನ್ನು ಸಮಸ್ಥಿತಿಗೆ ತಂದು ಮತ್ತೆ ಅದೇ ಪರೀಕ್ಷೆ ಮಾಡಿದೆ. ವೃತ್ತ ಮಾಯವಾಗಿತ್ತು. ದುಂಡಾಣುವನ್ನು ತಡೆದದ್ದು ಯಾವ ವಿಶೇಷ ವಸ್ತುವೂ ಅಲ್ಲ, ಬರೀ ಹುಳಿ. ಅಂದಿನಿಂದ ಯಾರೇ ವೃತ್ತದ ಚಿತ್ರ ತೋರಿಸಿದರೂ ನಾನು ಮೊದಲು ಕೇಳುವುದು ಮೂರು: ಹುಳಿ ಎಷ್ಟಿತ್ತು, ಸಾರ ತೆಗೆಯಲು ಬಳಸಿದ ದ್ರಾವಕವನ್ನು ಮಾತ್ರ ಇಟ್ಟಾಗ ಏನಾಯಿತು, ಅಳತೆ ಎಷ್ಟು. ಎಣ್ಣೆಯಂಥ ವಸ್ತುಗಳಿಗೆ ಇನ್ನೊಂದು ತೊಡಕಿದೆ. ಅವು ನೀರಿನಂಥ ಅಗರ್‌ನಲ್ಲಿ ಹರಡುವುದಿಲ್ಲ. ಹಾಗಾಗಿ ಬಲವಿದ್ದರೂ ವೃತ್ತ ಚಿಕ್ಕದಾಗಿ ಕಾಣುತ್ತದೆ. ವೃತ್ತ ದೊಡ್ಡದೆಂದು ಕುಣಿಯಬಾರದು, ಚಿಕ್ಕದೆಂದು ಬಿಸಾಡಬಾರದು.

ತಟ್ಟೆಯಿಂದ ತೋಟಕ್ಕೆ ಹೋಗುವ ದಾರಿ ಇನ್ನೂ ಉದ್ದ. ಒಂದು ಲೆಕ್ಕ ಮಾಡೋಣ, ಕಾಗದ ಪೆನ್ನು ಬೇಡ. ಒಂದು ಗಿಡದ ವಸ್ತು ಲೀಟರಿಗೆ ಒಂದು ಗ್ರಾಂ ಪ್ರಮಾಣದಲ್ಲಿ ದುಂಡಾಣುವನ್ನು ತಡೆಯುತ್ತದೆ ಎಂದುಕೊಳ್ಳಿ. ಒಂದು ತೋಟಕ್ಕೆ ಇನ್ನೂರು ಲೀಟರಿನ ಎರಡು ಡ್ರಮ್ ಹೊಡೆಯುತ್ತೀರಿ. ನಾನೂರು ಲೀಟರಿಗೆ ನಾನೂರು ಗ್ರಾಂ ಶುದ್ಧ ವಸ್ತು ಬೇಕು. ಒಂದು ಕಿಲೊ ಒಣಗಿದ ಎಲೆಯಲ್ಲಿ ಅದು ಇರುವುದು ಒಂದು ಗ್ರಾಂ ಎಂದರೆ, ಒಂದು ಸಲದ ಸಿಂಪಡಣೆಗೆ ನಾನೂರು ಕಿಲೊ ಒಣ ಎಲೆ! ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಡೆಯಬೇಕೆಂದರೆ ಒಂದು ತೋಟಕ್ಕಾಗಿ ಒಂದು ಕಾಡನ್ನೇ ಬೋಳಿಸಬೇಕು. ಅಪರೂಪದ ಔಷಧಿ ಗಿಡಗಳನ್ನು ಹುಡುಕಿಕೊಂಡು ಕಾಡಿಗೆ ಹೋಗುವುದಕ್ಕಿಂತ ಜಾಲಿಯಂಥ ಕಳೆಗಿಡವನ್ನೋ, ಸಂಸ್ಕರಣೆಯಲ್ಲಿ ಉಳಿಯುವ ಸಿಪ್ಪೆಯನ್ನೋ ನೋಡುವುದು ಮೇಲು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಎಲೆಯ ಮೇಲೆ ಬಿದ್ದ ಮೇಲೆ ಏನಾಗುತ್ತದೆ? ಓಂಕಾಳಿನ ಎಣ್ಣೆ ರಾಯಚೂರಿನ ಮಧ್ಯಾಹ್ನದ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು, ಬೆಳಕಿಗೂ ಬೇಗ ಕೆಡುತ್ತದೆ. ಪ್ರಮಾಣ ಹೆಚ್ಚಿಸೋಣವೆಂದರೆ ಲವಂಗದ ಎಣ್ಣೆ ಎಲೆಯನ್ನೇ ಸುಡುತ್ತದೆ. ಕೆಲವು ದೇಶಗಳಲ್ಲಿ ಅದನ್ನು ಕಳೆನಾಶಕವಾಗಿಯೇ ಮಾರುತ್ತಾರೆ. ಇದಕ್ಕಾಗಿ ಈ ಎಣ್ಣೆಗಳನ್ನು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುವ, ಸಿಗಡಿ ಚಿಪ್ಪಿನಿಂದ ಬರುವ ಕೈಟೊಸಾನ್‌ನಲ್ಲಿ ಸುತ್ತಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಕೆಲಸಗಳು ಜಗತ್ತಿನಾದ್ಯಂತ ನಡೆದಿವೆ.

ಸಾರ ತೆಗೆಯುವ ರೀತಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಕಷಾಯವೆಂದರೆ ಕುದಿಸುವುದು ಎಂದೇ ಅರ್ಥ. ಬೆಳ್ಳುಳ್ಳಿಯನ್ನು ತೆಗೆದುಕೊಳ್ಳಿ. ಇಡೀ ಎಸಳಿಗೆ ಘಾಟಿಲ್ಲ. ಮೂಸಿ ನೋಡಿ, ಏನೂ ಬರುವುದಿಲ್ಲ. ಜಜ್ಜಿದ ಮರುಕ್ಷಣ ಘಾಟು ಮೂಗಿಗೆ ಹೊಡೆಯುತ್ತದೆ. ಎಸಳಿನಲ್ಲಿ ಅಲಿನ್ ಎಂಬ ವಸ್ತು ಒಂದು ಕೋಣೆಯಲ್ಲೂ ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲೂ ಇರುತ್ತವೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಕೂಡುತ್ತವೆ, ಆಗ ಹುಟ್ಟುವುದು ಅಲಿಸಿನ್. ದುಂಡಾಣುವನ್ನು ಕೊಲ್ಲುವುದು ಅದು. ಇಡೀ ಎಸಳನ್ನು ಹಾಗೇ ಕುದಿಯುವ ನೀರಿಗೆ ಹಾಕಿದರೆ ಜಜ್ಜುವ ಮೊದಲೇ ಕಿಣ್ವ ಸಾಯುತ್ತದೆ, ಅಲಿಸಿನ್ ಹುಟ್ಟುವುದೇ ಇಲ್ಲ. ಜಜ್ಜಿ ಇಟ್ಟರೂ ಬಹಳ ಕಾಲ ಉಳಿಯುವುದಿಲ್ಲ, ತಾನೇ ಒಡೆದು ಬೇರೆ ವಸ್ತುಗಳಾಗುತ್ತದೆ. ಹಾಗಾಗಿ ಒಂದು ತಿಂಗಳ ಹಿಂದೆ ಕುದಿಸಿ ಕ್ಯಾನಿನಲ್ಲಿ ತುಂಬಿಟ್ಟ ಬೆಳ್ಳುಳ್ಳಿ ಕಷಾಯದ ಮೇಲೆ ಭರವಸೆ ಇಡಬೇಡಿ.

ಕುದಿಸಿದ್ದರಿಂದ ಕೈತಪ್ಪಿ, ತಂಪಿನಿಂದ ಕೈಗೆ ಸಿಕ್ಕ ಔಷಧದ ದೊಡ್ಡ ಕಥೆ ಚೀನಾದ್ದು. ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದ ತು ಯುಯು ಅವರ ತಂಡಕ್ಕೆ ಒಂದು ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ಆ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಹಳೆಯ ವೈದ್ಯಗ್ರಂಥವೊಂದರಲ್ಲಿ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಅಲ್ಲಿ ಕುದಿಸುವ ಮಾತೇ ಇರಲಿಲ್ಲ. 1971ರಲ್ಲಿ ಅವರು ಕಡಿಮೆ ಶಾಖದಲ್ಲೇ ಆರುವ ಈಥರ್ ಬಳಸಿ ಸಾರ ತೆಗೆದರು, ಫಲ ಬಂತು. ಅದೇ ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು. ನಮ್ಮ ಅಜ್ಜಿಯಂದಿರು ಯಾವುದನ್ನು ಕುದಿಸುತ್ತಿದ್ದರು, ಯಾವುದನ್ನು ಹಸಿಯಾಗಿ ಅರೆಯುತ್ತಿದ್ದರು, ಯಾವುದನ್ನು ನೆರಳಲ್ಲಿ ಒಣಗಿಸುತ್ತಿದ್ದರು ಎಂಬುದನ್ನು ನಾವು ಗಿಡದ ಹೆಸರಿನಷ್ಟೇ ಜತನದಿಂದ ಬರೆದಿಡಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ದಾಳಿಂಬೆ ಸಿಪ್ಪೆಯಲ್ಲಿ ಪ್ಯುನಿಕಲಜಿನ್ ಎಂಬ ಒಗರು ವಸ್ತು ಧಾರಾಳವಾಗಿದೆ. ಹೊಟ್ಟೆ ಕೆಟ್ಟಾಗ ಒಣಗಿದ ಸಿಪ್ಪೆಯ ಕಷಾಯ ಕೊಡುವುದು ನಮ್ಮಲ್ಲಿ ವಾಡಿಕೆ. ಪ್ರಯೋಗಾಲಯದಲ್ಲೂ ಅದು ಹಲವು ದುಂಡಾಣುಗಳನ್ನು ತಡೆಯುತ್ತದೆ. ಹಾಗಿದ್ದೂ ಅದೇ ಸಿಪ್ಪೆಯ ಮೇಲೆ ಅಂಗಮಾರಿ ಕೂರುತ್ತದೆ. ಏಕೆ? ಒಗರು ಇರುವುದು ಕೋಶದ ಒಳಗಿನ ಚೀಲದಲ್ಲಿ. ಕ್ಸಾಂಥೋಮೊನಸ್ ಎಲೆಯ ಸಣ್ಣ ರಂಧ್ರಗಳಿಂದ, ಗಾಯಗಳಿಂದ ಒಳನುಗ್ಗಿ ಬೀಡು ಬಿಡುವುದು ಕೋಶ ಕೋಶಗಳ ನಡುವಿನ ಸಂದಿಯಲ್ಲಿ. ಔಷಧ ಒಳಮನೆಯಲ್ಲಿ, ಕಳ್ಳ ಪಡಸಾಲೆಯಲ್ಲಿ.

ಅಲ್ಲಿ ಕುಳಿತು ಅದು ಮಾಡುವ ಕೆಲಸವೂ ಬೆರಗು ಹುಟ್ಟಿಸುವಂಥದ್ದು. ಸೂಜಿಯಂಥ ಒಂದು ಕೊಳವೆಯಿಂದ ತನ್ನ ಪ್ರೋಟೀನುಗಳನ್ನು ಗಿಡದ ಕೋಶದೊಳಗೆ ಚುಚ್ಚುತ್ತದೆ. ಭತ್ತದಲ್ಲಿ ಆ ಪ್ರೋಟೀನು ನೇರವಾಗಿ ಗಿಡದ ವಂಶವಾಹಿಗೆ ಅಂಟಿಕೊಂಡು, ಸಕ್ಕರೆ ಹೊರಬಿಡುವ ಬಾಗಿಲನ್ನು ತೆರೆಸುತ್ತದೆ. ಗಿಡದ ಕೈಯಿಂದಲೇ ಗಿಡದ ಕಣಜ ತೆಗೆಸಿ ಉಣ್ಣುತ್ತದೆ. ನಮ್ಮಲ್ಲಿ ಎಲ್ಲರೂ ಬೆಳೆಯುವ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಈ ರೋಗಕ್ಕೆ ಸುಲಭದ ತುತ್ತು. ಅದಕ್ಕೆ ಮೂರು ನಿರೋಧಕ ವಂಶವಾಹಿಗಳನ್ನು ಸೇರಿಸಿ 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಬಿಡುಗಡೆಯಾಯಿತು. ಆ ಮೂರರಲ್ಲಿ ಒಂದು, ದುಂಡಾಣು ಬಂದು ಬಡಿದರೂ ಈ ಸಕ್ಕರೆಯ ಬಾಗಿಲು ತೆರೆಯದಂತೆ ನೋಡಿಕೊಳ್ಳುವಂಥದ್ದು.

ಹಾಗಿದ್ದರೆ ದುಂಡಾಣುವನ್ನು ಕೊಲ್ಲಲೇಬೇಕೇ? ಸೂಜಿಯನ್ನು ಮೊಂಡು ಮಾಡಿದರೆ ಸಾಲದೇ? ಗಿಡಗಳಲ್ಲಿ ಸಿಗುವ ಕೂಮರಿಕ್ ಆಮ್ಲದಂಥ ಸಣ್ಣ ವಸ್ತುಗಳು, ಅವುಗಳ ರೂಪಾಂತರಗಳು ದುಂಡಾಣುವನ್ನು ಸಾಯಿಸದೆ ಈ ಸೂಜಿಯ ತಯಾರಿಯನ್ನು ಮಾತ್ರ ತಗ್ಗಿಸುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ, ಭತ್ತದ ದುಂಡಾಣುವಿನಲ್ಲೂ ಕಂಡಿದೆ. ಕೊಲ್ಲುವ ಔಷಧ ಹೊಡೆದಾಗ ಬದುಕಿ ಉಳಿದ ಗಟ್ಟಿ ದುಂಡಾಣುವಿನ ಸಂತಾನವೇ ಹೊಲ ತುಂಬುತ್ತದೆ. ನಿರಾಯುಧ ಮಾಡುವ ಔಷಧಕ್ಕೆ ಆ ಒತ್ತಡ ಕಡಿಮೆ. ಮುಂದಿನ ಇಪ್ಪತ್ತು ವರ್ಷ ಕೆಲಸ ಮಾಡುವ ಹುಡುಗ ಹುಡುಗಿಯರು ಈ ದಾರಿಯಲ್ಲಿ ನಡೆಯಬೇಕೆಂಬುದು ನನ್ನ ಆಸೆ.

ಗಿಡವನ್ನೇ ಎಚ್ಚರಿಸುವ ದಾರಿಯೂ ಇದೆ. ರೈನೌಟ್ರಿಯಾ ಎಂಬ ಗಿಡದ ಸಾರ ಹೊರದೇಶಗಳ ಮಾರುಕಟ್ಟೆಯಲ್ಲಿದೆ. ಅದು ಮುಖ್ಯವಾಗಿ ಬೆಳೆಯ ರಕ್ಷಣಾ ವ್ಯವಸ್ಥೆಯನ್ನು ಮೊದಲೇ ಎಬ್ಬಿಸಿ ನಿಲ್ಲಿಸುತ್ತದೆ. ಇಂಥದ್ದನ್ನು ರೋಗ ಬರುವ ಮೊದಲೇ ಹೊಡೆಯಬೇಕು. ಚುಕ್ಕೆ ಕಂಡ ಮೇಲೆ ಹೊಡೆದು ಕೆಲಸ ಮಾಡಲಿಲ್ಲ ಎಂದರೆ ಅದು ಔಷಧದ ತಪ್ಪಲ್ಲ.

ಶುದ್ಧ ವಸ್ತುವೇ ಮೇಲೋ, ಇಡೀ ಸಾರವೇ ಮೇಲೋ ಎಂಬ ಹಳೆಯ ವಾದಕ್ಕೆ ದಾರುಹರಿದ್ರದ ಜಾತಿಯ ಗಿಡಗಳು ಒಂದು ಚೆಂದದ ಉತ್ತರ ಕೊಟ್ಟಿವೆ. ಅವುಗಳ ಹಳದಿ ವಸ್ತು ಬರ್ಬೆರಿನ್ ದುಂಡಾಣುವಿನೊಳಗೆ ಹೋದರೂ ದುಂಡಾಣು ಅದನ್ನು ಪಂಪಿನಿಂದ ನೀರೆತ್ತಿದಂತೆ ಹೊರಹಾಕುತ್ತದೆ. ಅದೇ ಗಿಡದಲ್ಲಿರುವ, ತಾನಾಗಿ ಯಾವ ಬಲವೂ ಇಲ್ಲದ ಇನ್ನೊಂದು ವಸ್ತು ಆ ಪಂಪನ್ನು ಕಟ್ಟಿಹಾಕುತ್ತದೆ ಎಂದು 2000ದಲ್ಲಿ ಕಂಡುಕೊಂಡರು. ಒಂದನ್ನೇ ಬೇರ್ಪಡಿಸಿ ಪರೀಕ್ಷಿಸಿದ್ದರೆ ಎರಡನೆಯದನ್ನು ನಿರುಪಯೋಗಿ ಎಂದು ಚೆಲ್ಲಿಬಿಡುತ್ತಿದ್ದೆವು. ಆದ್ದರಿಂದ ಇಡೀ ಸಾರವನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಪ್ರತಿ ಬಾಟಲಿಯಲ್ಲೂ ಮುಖ್ಯ ವಸ್ತು ಇಂತಿಷ್ಟೇ ಇದೆ ಎಂದು ಅಳೆದು ತೋರಿಸಬೇಕು.

ಬಾಟಲಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಸಂಬಂಧಿಕರೊಬ್ಬರು ಒಮ್ಮೆ 'ನೂರಕ್ಕೆ ನೂರು ಗಿಡಮೂಲಿಕೆ' ಎಂದು ಬರೆದಿದ್ದ ಬಾಟಲಿ ತಂದು ತೋಟಕ್ಕೆ ಹೊಡೆದರು. ಬಾಟಲಿಯ ಮೇಲೆ ಎಲೆಯ ಚಿತ್ರವಿತ್ತು, ಯಾವ ಎಲೆ ಎಂದು ಇರಲಿಲ್ಲ. ನೋಂದಣಿ ಸಂಖ್ಯೆ ಇರಲಿಲ್ಲ, ಒಳಗೆ ಏನು ಎಷ್ಟು ಎಂದು ಇರಲಿಲ್ಲ. ಎರಡು ದಿನಕ್ಕೆ ಹೂವು ಉದುರಿ ನೆಲ ಕೆಂಪಾಯಿತು. ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ, ಆ ಬಹಾರ್ (ಹೂ ಬಿಟ್ಟು ಕಾಯಿ ಕಟ್ಟುವ ಹಂಗಾಮು) ಹೋಯಿತು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಬೆಳೆಗೆ ರಕ್ಷಣೆಯೆಂದು ಮಾರುವ ಔಷಧ ನೋಂದಣಿಯಾಗಿರಬೇಕು, ಗಿಡದಿಂದ ಬಂದದ್ದಾದರೂ. ಎಲೆಯ ಚಿತ್ರ ನೋಡಬೇಡಿ, ನೋಂದಣಿ ಸಂಖ್ಯೆ ನೋಡಿ. ಬಿಲ್ ಕೇಳಿ ಪಡೆಯಿರಿ.

ಮಾತು ಮುಗಿಸುವಾಗ ಕುಷ್ಟಗಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು ಕೇಳಿದರು: "ತಂಗೀ, ನೀನು ಹೇಳಿದ್ದೆಲ್ಲ ಸರಿ. ನಿಮ್ಮ ಔಷಧ ಬರುವವರೆಗೆ ನನ್ನ ಗಿಡ ಕಾಯುತ್ತದೆಯೇ?"

"ಕಾಯುವುದಿಲ್ಲ ಕಾಕಾ," ಎಂದೆ. "ಕಾಯಿಸಲೂ ಬಾರದು. ಮೃಗ ಬಹಾರ್, ಅಂದರೆ ಮುಂಗಾರಿನ ಹೂ, ಹಿಡಿದರೆ ಕಾಯಿ ಬೆಳೆಯುವ ಹೊತ್ತಿಗೆ ಮಳೆ, ಗಾಳಿ, ತೇವ ಎಲ್ಲವೂ ದುಂಡಾಣುವಿನ ಕಡೆಗಿರುತ್ತವೆ. ಹಸ್ತ ಬಹಾರ್, ಅಂದರೆ ಹಿಂಗಾರಿನ ಹೂ, ಹಿಡಿದರೆ ಕಾಯಿ ಚಳಿಗಾಲದ ಒಣ ಹವೆಯಲ್ಲಿ ಬೆಳೆಯುತ್ತದೆ. ಚಾಟನಿ ಮಾಡುವಾಗ, ಅಂದರೆ ರೆಂಬೆ ಸವರುವಾಗ, ಕಾಂಡದ ಮೇಲೆ ಕಪ್ಪಾಗಿ ಸೀಳಿದ ಗಾಯವಿದ್ದರೆ ಅದರ ಕೆಳಗೆ ಆರೋಗ್ಯವಾದ ಭಾಗ ಬರುವವರೆಗೆ ಕತ್ತರಿಸಿ, ಆ ಜಾಗಕ್ಕೆ ಬೋರ್ಡೊ ಮುಲಾಮು ಹಚ್ಚಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಉದುರಿದ ಎಲೆಯಲ್ಲಿ ದುಂಡಾಣು ತಿಂಗಳುಗಟ್ಟಲೆ ಬದುಕಿರುತ್ತದೆ, ಗುಡಿಸಿ ಸುಟ್ಟುಬಿಡಿ. ಗೂಟಿ ಸಸಿಯನ್ನು, ಅಂದರೆ ಗಿಡದ ರೆಂಬೆಗೇ ಬೇರು ಬರಿಸಿ ತೆಗೆದ ಸಸಿಯನ್ನು, ತಾಯಿಗಿಡ ನೋಡದೆ ತರಬೇಡಿ."

ಅವರು ತಲೆಯಾಡಿಸಿ, "ಗೂಟಿಯಿಂದಲೇ ನಮ್ಮ ತೋಟಕ್ಕೆ ಬಂದದ್ದು," ಎಂದು ಕುಳಿತರು.

ಎರಡನೆಯ ಪ್ರಶ್ನೆ ಬಿ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳದು. ಜಾಲಿಯ ಎಲೆಯನ್ನು ತಾನು ಪರೀಕ್ಷಿಸಬೇಕೆಂದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದಳು. ನಾನು ಹೇಳಿದ್ದು ಇಷ್ಟು. ಒಂದೇ ಮರದಿಂದ ತರಬೇಡ. ಕೆರೆಯಂಗಳದ್ದು, ರಸ್ತೆ ಬದಿಯದ್ದು, ಎರೆಹೊಲದ ಬದುವಿನದ್ದು ಎಂದು ಮೂರು ಕಡೆಯಿಂದ ತಾ. ಎಳೆಯ ಎಲೆ, ಬಲಿತ ಎಲೆ ಬೇರೆ ಬೇರೆ ಇಡು. ಬಿಸಿಲಿನಲ್ಲಿ ಒಣಗಿಸಬೇಡ, ನೆರಳಿನಲ್ಲಿ ಹರಡು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಸ್ಟು ಬರುತ್ತದೆ, ಕಾಗದದ ಚೀಲದಲ್ಲಿ ಹಾಕು. ಚೀಲದ ಮೇಲೆ ತಾರೀಖು, ಜಾಗ, ಆ ವಾರ ಮಳೆ ಬಿದ್ದಿತ್ತೇ ಇಲ್ಲವೇ ಎಂದು ಬರೆ. ಮೂರು ತಿಂಗಳ ನಂತರ ಅದೇ ಮರಗಳಿಗೆ ಮತ್ತೆ ಹೋಗು. ಗುರುತಿಗೆ ಮರಕ್ಕೆ ಬಣ್ಣದ ದಾರ ಕಟ್ಟು, ಕೈಗೆ ದಪ್ಪ ಕೈಗವಸು ಹಾಕಿಕೊಂಡು ಹೋಗು, ಆ ಮುಳ್ಳು ಚುಚ್ಚಿದರೆ ಬೇಗ ವಾಸಿಯಾಗುವುದಿಲ್ಲ.

ಅವಳು ಅದೆಲ್ಲವನ್ನೂ ಕೈಯಲ್ಲಿದ್ದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು. ಬರೆದಾದ ಮೇಲೆ, ಕೆರೆಯಂಗಳದ ಮರಕ್ಕೆ ಯಾವ ಬಣ್ಣದ ದಾರ ಕಟ್ಟಲಿ ಎಂದು ಕೇಳಿದಳು.